ಓಂಕಾರೇಶ್ವರದಿಂದ ರಾಜರಾಜೇಶ್ವರಿ ನಗರದವರೆಗೆ: ಪತ್ರಿಕಾ ಸಂಪಾದಕರ ಹತ್ಯೆ ಮತ್ತು ಕಾನೂನು

ಪುಣೆಯ ಓಂಕಾರೇಶ್ವರ ದೇವಾಲಯದ ಬಳಿ ಮುಠಾ ನದಿಯನ್ನು ದಾಟುವ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಶಿಂದೆಯವರು ನಮ್ಮ ಜಮಖಂಡಿಯಲ್ಲಿ ಹುಟ್ಟಿದವರೆಂಬುದು ಅನೇಕರಿಗೆ ತಿಳಿದಿರಲಾರದು. 2013ರ ಆಗಸ್ಟ್ 20ರ ಬೆಳಿಗ್ಗೆ ಈ ಸೇತುವೆಯ ಮೇಲೆ, ವಾಯುವಿಹಾರಕ್ಕೆ ಹೊರಟಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮೂಢನಂಬಿಕೆಯ ವಿರುದ್ಧ ಹೋರಾಡಿದ ವೈದ್ಯರೆಂದು ಅವರನ್ನು ನಾವೆಲ್ಲ ಬಲ್ಲೆವು. ಆದರೆ ಸಾನೆ ಗುರೂಜಿಯವರು 1948ರಲ್ಲಿ ಆರಂಭಿಸಿದ ‘ಸಾಧನಾ’ ಮರಾಠಿ ವಾರಪತ್ರಿಕೆಯನ್ನು ಅವರು 1998ರಿಂದ ಸಂಪಾದಿಸುತ್ತಿದ್ದರು. ಪತ್ರಕರ್ತರ ಮೇಲಿನ ಹಿಂಸೆಯ ಮಾತು ಬಂದಾಗ ಈ ಕೊಲೆಯನ್ನು ನೆನೆಯುವವರು ಕಡಿಮೆ. ನೆನೆಯಲೇಬೇಕೆಂಬುದು ನಮ್ಮ ಅಭಿಪ್ರಾಯ.

ಲೇಖನಿಗೆ ಬೆಲೆ ತೆತ್ತವರು ಈ ಊರಿಗೆ ಹೊಸಬರಲ್ಲ. ‘ಕೇಸರಿ’ಯ ಬರಹಗಳಿಗಾಗಿ ಲೋಕಮಾನ್ಯ ತಿಲಕರಿಗೆ 1897ರಲ್ಲಿ ಹದಿನೆಂಟು ತಿಂಗಳ, 1908ರಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ಮಂಡಾಲೆಯ ಸೆರೆಮನೆಯಲ್ಲಿ ಅವರು ಬರೆದ ‘ಗೀತಾ ರಹಸ್ಯ’ವನ್ನು ಕನ್ನಡಕ್ಕೆ ತಂದವರು, ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು. ಅನ್ಯಾಯದ ಆಳ್ವಿಕೆಯೇ ಆದರೂ ಅಂದು ಆರೋಪ ಹೊರಿಸಿದವರು ಯಾರೆಂಬುದು ಬಹಿರಂಗವಾಗಿತ್ತು. ಆಪಾದಿತನಿಗೆ ನ್ಯಾಯಾಲಯದಲ್ಲಿ ಮಾತನಾಡುವ ಅವಕಾಶವಿತ್ತು. ದಾಭೋಲ್ಕರರ ಎದುರಿಗೆ ಬಂದವರಿಗೆ ಹೆಸರಿರಲಿಲ್ಲ, ಮುಖವಿರಲಿಲ್ಲ. ಆ ಹೆಸರುಗಳು ಹೊರಬರಲು ಐದು ವರ್ಷ ಹಿಡಿಯಿತು.

ಆ ಐದು ವರ್ಷಗಳಲ್ಲಿ ನಡೆದದ್ದೇನು? 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದ ಕಲ್ಯಾಣ ನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ತಮ್ಮ ಮನೆಯೆದುರು ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಮಹಾರಾಷ್ಟ್ರದಲ್ಲಿ ಜಡವಾಗಿದ್ದ ತನಿಖೆಗೆ 2018ರಲ್ಲಿ ಚಾಲನೆ ದೊರೆತದ್ದು, ಗೌರಿ ಪ್ರಕರಣದಲ್ಲಿ ಕರ್ನಾಟಕದ ವಿಶೇಷ ತನಿಖಾ ದಳಕ್ಕೆ ಸಿಕ್ಕ ಸುಳಿವುಗಳ ನಂತರವೇ. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯವು ದಾಭೋಲ್ಕರ್ ಹತ್ಯೆಗಾಗಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೂವರನ್ನು ಬಿಡುಗಡೆ ಮಾಡಿತು. ಶಿಕ್ಷೆಗೊಳಗಾದ ಇಬ್ಬರಲ್ಲಿ ಒಬ್ಬಾತ ಗೌರಿ ಪ್ರಕರಣದಲ್ಲೂ ಆರೋಪಿ. ಸಂಚಿನ ಮುಖ್ಯ ಸೂತ್ರಧಾರನನ್ನು ತನಿಖಾಧಿಕಾರಿಗಳು ಪತ್ತೆ ಹಚ್ಚಲಿಲ್ಲವೆಂದು ಆ ತೀರ್ಪೇ ಹೇಳಿದೆ. ಓಂಕಾರೇಶ್ವರದ ಕೊಲೆಗಾರರು ಅಂದೇ ಸಿಕ್ಕಿಬಿದ್ದಿದ್ದರೆ ಉಳಿದ ಮೂವರು ಬದುಕಿರುತ್ತಿದ್ದರೇ ಎಂಬ ಪ್ರಶ್ನೆ ಕನ್ನಡಿಗರಾದ ನಮ್ಮನ್ನು ಬಿಡದೆ ಕಾಡುತ್ತದೆ.

ಪತ್ರಕರ್ತರ ರಕ್ಷಣೆಗೆ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ಕಾನೂನೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. 2017ರ ಏಪ್ರಿಲ್‌ನಲ್ಲಿ ವಿಧಾನಮಂಡಲ ಒಪ್ಪಿದ ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2019ರಲ್ಲಿ. ಪತ್ರಕರ್ತರ ಮೇಲೆ ಕೈಮಾಡಿದವರಿಗೆ, ಪತ್ರಿಕಾ ಸಂಸ್ಥೆಯ ಆಸ್ತಿಗೆ ಹಾನಿ ಮಾಡಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಐವತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಅದು ವಿಧಿಸುತ್ತದೆ. ಅಪರಾಧ ಜಾಮೀನುರಹಿತ, ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ, ನಷ್ಟವನ್ನು ಅಪರಾಧಿಯೇ ಭರಿಸಬೇಕು. ಸುಳ್ಳು ದೂರು ಕೊಟ್ಟ ಪತ್ರಕರ್ತನಿಗೂ ಶಿಕ್ಷೆಯುಂಟು, ಅದು ನ್ಯಾಯವೇ.

ಆದರೆ ಈ ಕಾನೂನಿನ ರಕ್ಷಣೆ ಪತ್ರಕರ್ತನು ಕರ್ತವ್ಯದಲ್ಲಿರುವಾಗ ಮಾತ್ರ. ದಾಭೋಲ್ಕರರು ಬೆಳಗಿನ ನಡಿಗೆಯಲ್ಲಿದ್ದರು. ಗೌರಿಯವರು ಮನೆಗೆ ಮರಳಿದ್ದರು. ಅಂದು ಈ ಕಾನೂನು ಜಾರಿಯಲ್ಲಿದ್ದು ಎರಡೂ ರಾಜ್ಯಗಳಿಗೆ ಅನ್ವಯಿಸುತ್ತಿದ್ದರೂ, ಇಬ್ಬರಿಗೂ ಇದರಿಂದ ಪ್ರಯೋಜನವಾಗುತ್ತಿತ್ತೆಂದು ಹೇಳಲಾಗದು. ಕೊಲೆಗೆ ದಂಡಸಂಹಿತೆ ಮೊದಲಿನಿಂದಲೂ ಇತ್ತು. ಕೊರತೆಯಿದ್ದದ್ದು ತನಿಖೆಯ ವೇಗದಲ್ಲಿ ಮತ್ತು ಇಚ್ಛೆಯಲ್ಲಿ.

ಕಾನೂನು ಬಂದ ಮೇಲೂ, ರತ್ನಾಗಿರಿ ಜಿಲ್ಲೆಯ ರಾಜಾಪುರದಲ್ಲಿ ರಿಫೈನರಿ ಯೋಜನೆಯ ಬಗ್ಗೆ ಬರೆಯುತ್ತಿದ್ದ ಶಶಿಕಾಂತ ವಾರಿಶೆಯವರ ಮೇಲೆ 2023ರ ಫೆಬ್ರವರಿ 6ರಂದು ಕಾರು ಹರಿಯಿತು. ಮರುದಿನ ಅವರು ತೀರಿಕೊಂಡರು. 2024ರ ಫೆಬ್ರವರಿ 9ರಂದು ನಮ್ಮ ಪುಣೆಯಲ್ಲಿಯೇ ಸಭೆಯೊಂದಕ್ಕೆ ಹೊರಟಿದ್ದ ಹಿರಿಯ ಪತ್ರಕರ್ತ ನಿಖಿಲ್ ವಾಗಳೆಯವರ ಕಾರಿನ ಗಾಜನ್ನು ಗುಂಪೊಂದು ಒಡೆಯಿತು, ಮಸಿ ಮತ್ತು ಮೊಟ್ಟೆ ಎರಚಿತು. ಅವರು ಸಭೆಗೆ ಹೋಗಿ ಮಾತನಾಡಿದರು.

ಗೌರಿಯವರ ಪ್ರಕರಣದ ವಿಚಾರಣೆ ಬೆಂಗಳೂರಿನಲ್ಲಿ ಆರಂಭವಾದದ್ದು ಕೊಲೆಯಾದ ಸುಮಾರು ಐದು ವರ್ಷಗಳ ಮೇಲೆ, 2022ರ ಜುಲೈನಲ್ಲಿ. ಜಾಹೀರಾತುಗಳನ್ನು ನೆಚ್ಚದೆ ಅವರೊಬ್ಬರ ಹೆಗಲ ಮೇಲೆಯೇ ನಡೆಯುತ್ತಿದ್ದ ‘ಗೌರಿ ಲಂಕೇಶ್ ಪತ್ರಿಕೆ’ ಅವರೊಂದಿಗೇ ನಿಂತಿತು. ‘ಸಾಧನಾ’ಕ್ಕೆ ವಿಶ್ವಸ್ತ ಮಂಡಳಿಯ ಆಸರೆಯಿತ್ತು, ಚಂದಾ ಕೊಡುವ ಓದುಗರ ಬಳಗವಿತ್ತು. ಸಂಪಾದಕರನ್ನು ಕಳೆದುಕೊಂಡ ಮೇಲೂ ಅದು ಶನಿವಾರ ಪೇಟೆಯಿಂದ ಹೊರಡುತ್ತಲೇ ಬಂದಿತು.