ಭಾನುವಾರದ ಓಟ, ಸೋಮವಾರದ ಮೆಟ್ಟಿಲು



ಯಾವಾಗಲೂ ನಿಮ್ಮ ಕಿವಿಗೆ ಬೀಳುವ ನಾನು ಈ ಬಾರಿ ನಿಮ್ಮ ಕಾಲಿಗೆ ಬಿದ್ದಿದ್ದೇನೆ! ಗಾಬರಿಯಾಗಬೇಡಿ, ಕಾಲಿನ ಬಗ್ಗೆ ನಾಲ್ಕು ಮಾತು ಹೇಳುವುದಿದೆ, ಅಷ್ಟೆ.

ಮುಂಬೈಯಲ್ಲಿ ಸೆಕೆ ಸ್ವಲ್ಪ ಇಳಿದರೆ ಸಾಕು, ಓಟಗಳ ಸೀಸನ್ ಶುರು. ಆಫೀಸಿನ ಗೆಳತಿ ಹೆಸರು ಕೊಟ್ಟಿರುತ್ತಾಳೆ, ಸೊಸೈಟಿಯವರು ಟೀ ಶರ್ಟ್ ಹೊಲಿಸಿರುತ್ತಾರೆ. ನೀವೂ ಹುರುಪಿನಿಂದ ಸೇರಿಬಿಡುತ್ತೀರಿ. ಓಟಕ್ಕೆ ಮೂರು ವಾರ ಇದೆ ಎನ್ನುವಾಗ ಮಂಡಿ ಚುಳ್ ಎನ್ನುತ್ತದೆ, ಇಲ್ಲವೇ ಹಿಮ್ಮಡಿ ಮುಷ್ಕರ ಹೂಡುತ್ತದೆ. ಮಲಗಿಸುವಷ್ಟು ದೊಡ್ಡ ನೋವಲ್ಲ, ಮರೆಯುವಷ್ಟು ಸಣ್ಣದೂ ಅಲ್ಲ. ಈಗ ಓಡಬೇಕೋ, ಬಿಡಬೇಕೋ?

ಮೊದಲು ಒಂದು ಮಾತು. ನಿಜವಾದ ಮ್ಯಾರಥಾನ್ ಎಂದರೆ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ ಈ ದೂರವೇ 1921ರಲ್ಲಿ ಅಧಿಕೃತವಾಯಿತು. ಆದರೆ ನಮ್ಮೂರಿನಲ್ಲಿ ನಂಬರ್ ಚೀಟಿ ಅಂಟಿಸಿಕೊಂಡು ಓಡಿದ್ದೆಲ್ಲ ಮ್ಯಾರಥಾನೇ! 2004ರಲ್ಲಿ ಮುಂಬೈ ಮ್ಯಾರಥಾನ್ ಶುರುವಾದಾಗಲೇ ಅದರ ಜೊತೆಗೆ ಡ್ರೀಮ್ ರನ್ ಎಂಬ ಪುಟ್ಟ ಓಟವೂ ಬಂತು. ಅಲ್ಲಿ ಗಡಿಯಾರಕ್ಕಿಂತ ವೇಷ, ಫಲಕ, ಘೋಷಣೆಗಳದೇ ದರ್ಬಾರು. ಆಮೇಲೆ ಒಂದೊಂದು ವಿಷಯ ಹಿಡಿದು ನಡೆಸುವ ಸಣ್ಣ ಓಟಗಳು ಎಷ್ಟೋ ಬಂದವು.

ಇದರಲ್ಲಿ ನಮ್ಮ ದಾದರಿಗೂ ಒಂದು ಪಾಲಿದೆ. ಶಿವಾಜಿ ಪಾರ್ಕಿನಲ್ಲಿ ಬೆಳೆದ, ಒಂದು ಕಾಲದ ರಾಷ್ಟ್ರೀಯ ಈಜು ಚಾಂಪಿಯನ್ ಮಿಲಿಂದ್ ಸೋಮನ್ ಅವರು ರೀಮಾ ಸಾಂಘ್ವಿ ಅವರೊಂದಿಗೆ 2012ರಲ್ಲಿ ಮುಂಬೈಯಲ್ಲಿ ಪಿಂಕಥಾನ್ ಆರಂಭಿಸಿದರು. ಹೆಂಗಸರಿಗಾಗಿಯೇ ಇರುವ ಓಟ, ಸ್ತನ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸುವುದು ಅದರ ಉದ್ದೇಶ. ಮೂರು, ಐದು, ಹತ್ತು ಕಿ.ಮೀ. ಎಂದು ಅವರವರ ಶಕ್ತಿಗೆ ತಕ್ಕ ದೂರ. ಸೀರೆಯುಟ್ಟವರೂ ಬಂದರು, ಮಗುವನ್ನು ಎತ್ತಿಕೊಂಡವರೂ ಬಂದರು. ಎಪ್ಪತ್ತು ದಾಟಿದ ಮಿಲಿಂದರ ತಾಯಿ ಉಷಾ ಸೋಮನ್ 2016ರಲ್ಲಿ ಸೀರೆಯುಟ್ಟು ಬರಿಗಾಲಿನಲ್ಲಿ ಮಗನ ಜೊತೆ ಹೆದ್ದಾರಿಯಲ್ಲಿ ಓಡಿದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು.

ಇಂಥ ಓಟಗಳ ಸೊಗಸು ಇರುವುದೇ ಅಲ್ಲಿ. ಯಾರೂ ನಿಮ್ಮನ್ನು ಅಟ್ಟುವುದಿಲ್ಲ. ಆದರೆ ಅಪಾಯವೂ ಅಲ್ಲೇ ಇದೆ. ಢೋಲು ಬಾರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಒಳ್ಳೆಯ ಕೆಲಸಕ್ಕೆ ಓಡುತ್ತಿದ್ದೇನೆಂಬ ಹೆಮ್ಮೆ ಬೇರೆ. ಇಷ್ಟೆಲ್ಲ ಸೇರಿದ ಮೇಲೆ ಕಾಲಿನ ಮಾತು ಕೇಳಿಸುವುದು ಹೇಗೆ?

ನನಗೂ ಕೇಳಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಓಟಕ್ಕೆ ಹತ್ತು ಕಿ.ಮೀ.ಗೆ ಹೆಸರು ಕೊಟ್ಟಿದ್ದೆ. ಎರಡು ವಾರ ಮುಂಚಿನಿಂದ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ನಾಲ್ಕು ಹೆಜ್ಜೆ ನಡೆದರೆ ಮಾಯ! ಹಾಗಾದರೆ ಏನೂ ಇಲ್ಲ ಎಂದುಕೊಂಡೆ. ಓಡಿದೆ, ಪದಕವನ್ನೂ ತಂದೆ. ಸೋಮವಾರ ಬೆಳಿಗ್ಗೆ ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಬಳಿ ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಜನ ನೂಕುತ್ತಿದ್ದರು, ನನ್ನ ಕಾಲು ಏಳುತ್ತಿರಲಿಲ್ಲ. ಮತ್ತೆ ನೆಟ್ಟಗೆ ನಡೆಯಲು ನಾಲ್ಕು ತಿಂಗಳು ಬೇಕಾಯಿತು.

ಆಮೇಲೆ ತಿಳಿಯಿತು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಅದಕ್ಕೆ ಪ್ಲಾಂಟರ್ ಫ್ಯಾಶಿಯಾ ಎನ್ನುತ್ತಾರೆ. ತಾಳಲಾರದಷ್ಟು ಹೊರೆ ಬಿದ್ದಾಗ ಅದು ಮೊದಲು ದೂರುವುದು ಬೆಳಗಿನ ಮೊದಲ ಹೆಜ್ಜೆಯಲ್ಲೇ. ಮೈ ಬಿಸಿಯಾದ ಮೇಲೆ ನೋವು ಅಡಗುತ್ತದೆ, ವಾಸಿಯಾಗಿರುವುದಿಲ್ಲ.

ಇಂಥ ನೋವು ಬರುವುದಾದರೂ ಏಕೆ? ತರಬೇತಿ ಶುರುಮಾಡಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶಗಳು ಪಳಗುತ್ತವೆ. ಏದುಸಿರು ನಿಲ್ಲುತ್ತದೆ, ಇನ್ನೂ ಓಡಬಲ್ಲೆ ಅನ್ನಿಸುತ್ತದೆ. ಆದರೆ ಸ್ನಾಯುರಜ್ಜು, ಮೂಳೆಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಇಂಜಿನ್ ಹೊಸದು, ಚಕ್ರ ಹಳೆಯದು! ಮಂಡಿಚಿಪ್ಪಿನ ಸುತ್ತಲಿನ ನೋವು, ಮೊಳಕಾಲಿನ ಮುಂದಿನ ಎಲುಬಿನ ನೋವು, ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ನೋವು, ಇವೆಲ್ಲ ಬಹುಮಟ್ಟಿಗೆ ಆ ಅಂತರದಲ್ಲೇ ಹುಟ್ಟುತ್ತವೆ.

ಹಾಗಾದರೆ ಯಾವ ನೋವಿಗೆ ನಿಲ್ಲಬೇಕು? ಫಿಸಿಯೋಥೆರಪಿಸ್ಟರು ಹೇಳುವ ಸಿಗ್ನಲ್ ದೀಪದ ಲೆಕ್ಕ ಸುಲಭ. ನೋವಿಗೆ ಹತ್ತರಲ್ಲಿ ನೀವೇ ಅಂಕ ಕೊಡಿ. ಎರಡು-ಮೂರರ ಒಳಗಿದ್ದು, ಓಡುವಾಗ ಏರದಿದ್ದರೆ ಹಸಿರು, ಮುಂದುವರಿಯಿರಿ. ನಾಲ್ಕು-ಐದಾದರೆ ಹಳದಿ, ದೂರವನ್ನೂ ವೇಗವನ್ನೂ ಇಳಿಸಿ. ಅದಕ್ಕೂ ಮೇಲಾದರೆ, ಅಥವಾ ಕುಂಟುವಂತಾದರೆ ಕೆಂಪು. ಆಮೇಲೆ ಮರುದಿನದ ಪರೀಕ್ಷೆ. ಇಪ್ಪತ್ತನಾಲ್ಕು ಗಂಟೆಯೊಳಗೆ ನೋವು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ನಿನ್ನೆ ಓಡಿದ್ದು ಹೆಚ್ಚಾಯಿತು ಎಂದೇ ಅರ್ಥ.

ಊತ ಬಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನ ಮೇಲೆ ಒಂದೇ ಜಾಗ ಒತ್ತಿದಾಗ ಜೀವ ಹೋದಂತಾದರೆ ಅಂಕದ ಲೆಕ್ಕ ಬಿಡಿ, ವೈದ್ಯರ ಬಳಿ ಹೋಗಿ. ಅದು ಎಲುಬಿನ ಕೂದಲೆಳೆಯ ಬಿರುಕೂ ಆಗಿರಬಹುದು.

ಹಳದಿ ದೀಪದವರು ಮಾಡಬಹುದಾದದ್ದು ಬಹಳ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಓಟಕ್ಕೂ ಸಲ್ಲುತ್ತದೆ. ದಾಪುಗಾಲು ಬಿಟ್ಟು, ಅದೇ ವೇಗದಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಇಡಿ. ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಓಡುವವರು ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತಬೇಡಿ. ಒಂದು ಸುತ್ತು ಸುಮಾರು 1.2 ಕಿ.ಮೀ. ಮನೆಯ ಹತ್ತಿರವೇ ಸುತ್ತುವುದರಲ್ಲಿ ಇನ್ನೊಂದು ಲಾಭವೂ ಇದೆ. ಕಾಲು ಬೇಡವೆಂದರೆ ಕಟ್ಟೆಯ ಮೇಲೆ ಕೂತುಬಿಡಬಹುದು! ವಾರದಲ್ಲಿ ಎರಡು-ಮೂರು ದಿನ ಮೆಟ್ಟಿಲ ಅಂಚಿನಲ್ಲಿ ನಿಂತು, ಗೋಡೆ ಹಿಡಿದು, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಗಟ್ಟಿಯಾದರೆ ಹಿಮ್ಮಡಿಯ ಕಷ್ಟ ಅರ್ಧ ಕಡಿಮೆ.

ಐಸ್ ಇಡಬಹುದೇ ಎನ್ನುತ್ತೀರಾ? ಪೆಟ್ಟಾದರೆ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಿಸುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್‌ನಿಂದ ವಾಸಿಯಾಗುವುದು ತಡವಾಗಬಹುದೆಂದು 2014ರಲ್ಲಿ ಬರೆದರು. ನೋವು ಮರೆಸಲು ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಅದೇ ಔಷಧಿ ಎಂದುಕೊಳ್ಳಬೇಡಿ.

ದಯವಿಟ್ಟು ಓಟದ ಬೆಳಿಗ್ಗೆ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮುಂಬೈಯ ತೇವದ ಗಾಳಿಯಲ್ಲಿ ಬೆವರಿ ನೀರು ಕಳೆದುಕೊಂಡಾಗ ಅದು ಅಪಾಯ. ಅಲ್ಲದೆ ನೋವು ಕಾಲಿನ ಅನೌನ್ಸರ್ ಇದ್ದ ಹಾಗೆ. ಅದರ ಮೈಕ್ ಆಫ್ ಮಾಡಿದರೆ ಸುದ್ದಿ ಬದಲಾಗುವುದಿಲ್ಲ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ!

ಕೊನೆಯದಾಗಿ, ನಡೆಯಲು ನಾಚಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ, ಸ್ವಲ್ಪ ಓಡು, ಸ್ವಲ್ಪ ನಡೆ ಎಂಬ ಕ್ರಮವನ್ನೇ ಸಾವಿರಾರು ಜನರಿಗೆ ಕಲಿಸಿದರು. ಇದರ ಗುಟ್ಟು, ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು.

ಮುಂದಿನ ವರ್ಷ ನಾನು ಐದು ಕಿ.ಮೀ.ಗೆ ಹೆಸರು ಕೊಟ್ಟೆ. ಹತ್ತರಿಂದ ಐದಕ್ಕೆ ಇಳಿಯುವಾಗ ಮನಸ್ಸಿಗೆ ಚುಚ್ಚಿದ್ದು ನಿಜ. ಎರಡು ನಿಮಿಷ ಓಡಿದೆ, ಒಂದು ನಿಮಿಷ ನಡೆದೆ. ಢೋಲಿನವರ ಹತ್ತಿರ ಬಂದಾಗ ನಡೆಯುವ ಸರದಿ ಇತ್ತು. ಎಲ್ಲರೂ ನೋಡುತ್ತಿದ್ದಾರೆ, ಇಲ್ಲೊಂದು ಸ್ವಲ್ಪ ಓಡಿಬಿಡಲೇ ಅನ್ನಿಸಿತು. ಓಡಲಿಲ್ಲ. ಚಪ್ಪಾಳೆ ನಡೆಯುವವರಿಗೂ ಸಿಕ್ಕಿತು!

ಮರುದಿನ ಬೆಳಿಗ್ಗೆ ದಾದರಿನಲ್ಲಿ ಇಳಿದು, ಕಂಬಿ ಹಿಡಿಯದೆ ಆ ಮೆಟ್ಟಿಲುಗಳನ್ನು ಹತ್ತಿದೆ. ಹಿಂದಿನವರಿಗೆ ನೂಕುವ ಅವಕಾಶವನ್ನೇ ಕೊಡಲಿಲ್ಲ.

ಈ ಸೀಸನ್ನಿನಲ್ಲಿ ನೀವೂ ಓಡಿ, ನಡೆಯಿರಿ, ಬೇಕಾದರೆ ರಸ್ತೆಯ ಪಕ್ಕ ನಿಂತು ಚಪ್ಪಾಳೆ ತಟ್ಟಿ. ಭಾನುವಾರ ಹೇಗೆ ಓಡಿದಿರಿ ಎಂಬುದನ್ನು ಮಾತ್ರ ಸೋಮವಾರದ ಮೆಟ್ಟಿಲನ್ನೇ ಕೇಳಿ. ಮತ್ತೆ ಭೇಟಿಯಾಗೋಣ, ಎಂದಿನಂತೆ ನಿಮ್ಮ ಕಿವಿಯಲ್ಲೇ!