ತಣ್ಣೀರು ಬೆಚ್ಚಗಿರಿಸಿದ ಸಭಾಭವನ

ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ನಡುವೆ ಲಿಮ್ಮಾತ್ ಎಂಬ ನದಿ ಹರಿಯುತ್ತದೆ. ಅದರ ದಡದಲ್ಲಿ, ದಡದಲ್ಲಿ ಎನ್ನುವುದಕ್ಕಿಂತ ನೀರಿನ ಮೇಲೆಯೇ ಎನ್ನಬೇಕು, ‘ರಾಟ್‌ಹೌಸ್’ ಎಂಬ ಸಭಾಭವನ ನಿಂತಿದೆ. 1698ರಲ್ಲಿ ಕಟ್ಟಿ ಮುಗಿಸಿದ ಕಟ್ಟಡವದು. ಚಳಿಗಾಲದಲ್ಲಿ ಆ ನದಿಯಲ್ಲಿ ಕೈಯದ್ದಿದರೆ ಬೆರಳು ಮರಗಟ್ಟುವುದು. ಆದರೂ 1938ರಿಂದ ಮುಂದಕ್ಕೆ ಆರು ದಶಕಗಳಿಗೂ ಹೆಚ್ಚು ಕಾಲ ಆ ಭವನಕ್ಕೆ ಬೆಚ್ಚನೆಯ ಉಸಿರನ್ನಿತ್ತದ್ದು ಅದೇ ತಣ್ಣೀರು!

ತಣ್ಣೀರು ಕೋಣೆಯನ್ನು ಕಾಯಿಸುವುದೆಂದರೇನು ಎಂದು ವಾಚಕರು ಹುಬ್ಬೇರಿಸಬಹುದು. ನಮ್ಮ ಕೈಗೆ ತಣ್ಣಗಿರುವುದು ನಿಸರ್ಗದ ಲೆಕ್ಕದಲ್ಲಿ ಶಾಖವಿಲ್ಲದ್ದೆಂದಲ್ಲ. ಶೂನ್ಯಕ್ಕಿಂತ 273 ಡಿಗ್ರಿ ಕೆಳಗೆ ಇಳಿದಾಗಲೇ ವಸ್ತುವಿನ ಶಾಖ ಬರಿದಾಗುವುದು. ಐದು ಡಿಗ್ರಿಯ ಹೊಳೆಯ ನೀರಿನಲ್ಲಿ ಶಾಖ ಬೇಕಾದಷ್ಟಿದೆ. ಅದು ಕೆಳಮಟ್ಟದಲ್ಲಿದೆ, ಅಷ್ಟೆ. ಬಾವಿಯ ನೀರನ್ನು ಏತದಿಂದ ಮೇಲೆತ್ತುವಂತೆ ಈ ಶಾಖವನ್ನೂ ಮೇಲೆತ್ತಬಹುದೆಂದು 1852ರಷ್ಟು ಹಿಂದೆಯೇ ವಿಲಿಯಂ ಥಾಮ್ಸನ್ ಸೂಚಿಸಿದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ ವಿಜ್ಞಾನಿ ಅವರೇ.

ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೇಕೆ? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ತನ್ನೊಡನೆ ಕೊಂಡೊಯ್ಯುವುದರಿಂದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದೇಕೆ? ಗಾಳಿಯನ್ನು ಒತ್ತಿ ಹಿಂಡಿದಾಗ ಅದರ ಉಷ್ಣತೆ ಏರುವುದರಿಂದ. ಈ ಎರಡು ಸಂಗತಿಗಳನ್ನು ಒಂದೇ ಕೊಳವೆಯ ಸುತ್ತಿನಲ್ಲಿ ಜೋಡಿಸಿದರೆ ಶಾಖದ ಪಂಪು ಸಿದ್ಧ. ಬಲು ಕಡಮೆ ಉಷ್ಣತೆಯಲ್ಲೇ ಕುದಿಯುವ ದ್ರವವೊಂದು ಹೊಳೆಯ ನೀರಿನ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡಿ ಬಿಸಿಯೇರಿಸುತ್ತದೆ. ಬಿಸಿಯಾದ ಆವಿ ಕಟ್ಟಡದ ನೀರಿಗೆ ಶಾಖವನ್ನೊಪ್ಪಿಸಿ ಮತ್ತೆ ದ್ರವವಾಗುತ್ತದೆ. ಅನಂತರ ಕಿರಿದಾದ ಕವಾಟದ ಮೂಲಕ ನುಸುಳಿ, ಒತ್ತಡ ಕಳೆದುಕೊಂಡು, ಮರಳಿ ಹೊಳೆಯ ಬಳಿಗೆ. ನಿಮ್ಮ ಅಡುಗೆಮನೆಯ ಫ್ರಿಜ್ಜು ಮಾಡುವುದೂ ಇದನ್ನೇ. ಅಲ್ಲಿ ಹೊಳೆಯ ಬದಲು ಹಾಲು ತರಕಾರಿಗಳಿವೆ.

ಲಾಭವೆಷ್ಟು ಎಂಬುದನ್ನೂ ನೋಡೋಣ. ಸೆಕೆಂಡಿಗೆ ಒಂದು ಲೀಟರಿನಂತೆ ಹರಿಯುವ ನೀರನ್ನು ಮೂರು ಡಿಗ್ರಿ ತಣಿಸಿದರೆ ಸುಮಾರು 12.5 ಕಿಲೋವಾಟ್ ಶಾಖ ದೊರೆಯುತ್ತದೆ. ಕಂಪ್ರೆಸರಿಗೆ 4 ಕಿಲೋವಾಟ್ ವಿದ್ಯುತ್ತು ಬೇಕಾಯಿತೆನ್ನಿ. ಆ ಶಕ್ತಿಯೂ ಶಾಖವಾಗಿ ಸೇರಿ ಕಟ್ಟಡಕ್ಕೆ 16.5 ಕಿಲೋವಾಟ್ ಸಲ್ಲುತ್ತದೆ. ಒಂದಕ್ಕೆ ನಾಲ್ಕು! ಹಗಲುದರೋಡೆಯಂತೆ ಕಂಡರೂ ನಿಸರ್ಗದ ಖಾತೆಯಲ್ಲಿ ಒಂದು ಕಾಸಿನ ವ್ಯತ್ಯಾಸವೂ ಇಲ್ಲ. ಉಳಿದ ಮೂರು ಪಾಲು ನದಿಯದು.

ಜ್ಯೂರಿಚ್ಚಿನವರಿಗೆ ಈ ಲೆಕ್ಕ ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ಆ ದೇಶದಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲಿಲ್ಲ. ಬೆಟ್ಟದ ನೀರಿನಿಂದ ಬರುವ ವಿದ್ಯುತ್ತು ಮಾತ್ರ ಆಗ ಇತ್ತು. ಎಷರ್ ವಿಸ್ ಸಂಸ್ಥೆಯ ಇಂಜಿನಿಯರರು ರಾಟ್‌ಹೌಸಿಗೆ ಕೂಡಿಸಿದ ಯಂತ್ರ ಸುಮಾರು 100 ಕಿಲೋವಾಟ್ ಶಾಖವನ್ನು ಒದಗಿಸಿ, ನೀರನ್ನು 60 ಡಿಗ್ರಿಯವರೆಗೆ ಕಾಯಿಸುತ್ತಿತ್ತು. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡು, ಹೊರಗಿನ ಕಲ್ಲಿದ್ದಲನ್ನು ನೆಚ್ಚುವಂತಿರಲಿಲ್ಲ. 1941ರಲ್ಲಿ ನಗರದ ಒಳಾಂಗಣ ಈಜುಕೊಳಕ್ಕೂ 1942ರಲ್ಲಿ ಅಲ್ಲಿನ ಒಂದು ಶಾಖಸ್ಥಾವರಕ್ಕೂ ಇಂಥ ಪಂಪುಗಳು ಬಂದವು. ರಾಟ್‌ಹೌಸಿನ ಹಳೆಯ ಯಂತ್ರಕ್ಕೆ ವಿಶ್ರಾಂತಿ ದೊರೆತದ್ದು 2001ರಲ್ಲಿ.

ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಜಾನ್ ಸಮ್ನರ್ ಎಂಬ ಇಂಜಿನಿಯರು, ಯುದ್ಧಕಾಲದ ಅಭಾವದ ನಡುವೆ ಹೆಚ್ಚಾಗಿ ಹಳೆಯ ಬಿಡಿಭಾಗಗಳನ್ನೇ ಕೂಡಿಸಿ, 1945ರಲ್ಲಿ ವೆನ್ಸಮ್ ನದಿಯ ಶಾಖವನ್ನು ನಗರಸಭೆಯ ವಿದ್ಯುತ್ ಇಲಾಖೆಯ ಕಟ್ಟಡಕ್ಕೆ ತಂದರು. 1951ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿಗೆ ಥೇಮ್ಸ್ ನದಿಯ ನೀರು ಬಂತು. ಯಂತ್ರ ಮಾತ್ರ ಭವನದ ಅಗತ್ಯಕ್ಕಿಂತ ಬಹಳ ದೊಡ್ಡದಾಗಿ, ಹೆಚ್ಚು ಕಾಲ ಬಾಳಲಿಲ್ಲ. ಪಂಪು ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆ ಇಂದಿಗೂ ಅನೇಕರಲ್ಲಿದೆ.

ಈಗಿನ ದೊಡ್ಡ ಕಟ್ಟಡಗಳಲ್ಲಿ ಒಂದೇ ಭಾರಿ ಯಂತ್ರದ ಬದಲು ಕೋಣೆಗೊಂದರಂತೆ ಚಿಕ್ಕ ಘಟಕಗಳನ್ನಿರಿಸಿ, ಎಲ್ಲಕ್ಕೂ ಒಂದೇ ನೀರಿನ ಸುತ್ತುಕೊಳವೆಯನ್ನು ಜೋಡಿಸುವ ಕ್ರಮವುಂಟು. ಬಿಸಿಲಿನ ಪಕ್ಕದ ಕೋಣೆಯನ್ನು ತಂಪುಮಾಡುವ ಘಟಕ ತಾನು ಹೊರಹಾಕಿದ ಶಾಖವನ್ನು ನೀರಿಗೆ ಬಿಡುತ್ತದೆ. ನೆರಳಿನ ಪಕ್ಕದಲ್ಲಿ ನಡುಗುವವರ ಘಟಕ ಅದನ್ನೇ ಎತ್ತಿಕೊಳ್ಳುತ್ತದೆ. ನೆರೆಹೊರೆಯವರು ಸಕ್ಕರೆ ಕಾಫಿಪುಡಿ ಕಡ ಕೊಡುವ ಹಾಗೆ!

ಆದರೆ ಯಂತ್ರದ ಆಯುಸ್ಸು ಕೊಳ್ಳುವ ದಿನಕ್ಕಿಂತ ಕೂಡಿಸುವ ದಿನವೇ ನಿಶ್ಚಯವಾಗುವುದು ಹೆಚ್ಚು. ಹೊಸ ಕೊಳವೆಗಳಲ್ಲಿ ಬೆಸುಗೆಯ ಕಿಟ್ಟ, ಲೋಹದ ಚೂರು, ಗಾರೆಯ ಮಣ್ಣು ಎಲ್ಲವೂ ಇರುತ್ತವೆ. ಆದುದರಿಂದ ಹೋಗುವ ಕೊಳವೆಯನ್ನೂ ಬರುವ ಕೊಳವೆಯನ್ನೂ ತಾತ್ಕಾಲಿಕವಾಗಿ ನೇರ ಜೋಡಿಸಿ, ಘಟಕದೊಳಗೆ ನೀರು ಹೊಗದಂತೆ ಮಾಡಿ, ಗಂಟೆಗಟ್ಟಲೆ ನೀರು ಹಾಯಿಸಿ ತೊಳೆಯಬೇಕು. ಸೋಸುವ ಜಾಲರಿಯನ್ನು ಬಿಚ್ಚಿ ತೊಳೆದು, ಸಿಕ್ಕಿಬಿದ್ದ ಗಾಳಿಯನ್ನು ಹೊರಬಿಟ್ಟ ಮೇಲೆಯೇ ಘಟಕಕ್ಕೆ ನೀರು. ಅವಸರದ ಗುತ್ತಿಗೆದಾರರು ಮೊದಲು ಬಿಡುವುದು ಈ ಕೆಲಸವನ್ನೇ. ಇನ್ನು ಘಟಕದ ಕೆಳಗೆ ರಬ್ಬರಿನ ಮೆತ್ತೆ, ಕಂಪನ ದಾಟದಂತೆ ಬಾಗುವ ಕೊಳವೆ, ಒಸರಿದ ನೀರು ಹರಿದುಹೋಗಲು ಇಳಿಜಾರು, ದುರಸ್ತಿಗಾರನ ಕೈ ಹೋಗುವಷ್ಟು ಎಡೆ. ಚಾವಣಿಯ ಮರೆಯಲ್ಲಿ ಸೊಗಸಾಗಿ ಅಡಗಿಸಿ, ಅದರ ಬಾಗಿಲು ತೆರೆಯಲು ಜಾಗವನ್ನೇ ಬಿಡದ ಕಟ್ಟಡಗಳೂ ಇವೆ.

ನದಿ ಅಥವಾ ಬಾವಿಯ ತಣ್ಣೀರಿನಿಂದ ನಡೆಯುವ ಯಂತ್ರಕ್ಕೆ ಇನ್ನೊಂದು ಅಪಾಯ ಕಾದಿರುತ್ತದೆ. ಜಾಲರಿಗೆ ಎಲೆ, ಕೆಸರು ಕಟ್ಟಿಕೊಂಡು ಹರಿವು ಕುಗ್ಗಿದರೆ, ಉಳಿದ ಅಲ್ಪ ನೀರಿನಿಂದಲೇ ಯಂತ್ರ ಶಾಖ ಹೀರಲು ಹೋಗಿ ನೀರು ಒಳಗೇ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಉಬ್ಬಿ ನಳಿಕೆ ಸೀಳಿದರೆ ನೀರು ಕಂಪ್ರೆಸರಿನವರೆಗೂ ನುಗ್ಗುವುದು. ಆಮೇಲೆ ಇಡೀ ಯಂತ್ರವೇ ಹಳೆಯ ಕಬ್ಬಿಣ. ಇದನ್ನು ತಡೆಯಲೆಂದೇ ತಾನಾಗಿ ಯಂತ್ರವನ್ನು ನಿಲ್ಲಿಸುವ ರಕ್ಷಣಾ ಸ್ವಿಚ್ಚುಂಟು. ಬಲ್ಲ ಪರೀಕ್ಷಕನು ಕವಾಟವನ್ನು ಮೆಲ್ಲಮೆಲ್ಲನೆ ಮುಚ್ಚಿ, ಅದು ನಿಜವಾಗಿಯೂ ನಿಲ್ಲಿಸುವುದೋ ಎಂದು ಕಣ್ಣಾರೆ ನೋಡುತ್ತಾನೆ. ಯಂತ್ರ ಪದೇ ಪದೇ ನಿಲ್ಲುತ್ತದೆಂದು ಬೇಸತ್ತು ಆ ಸ್ವಿಚ್ಚಿನ ತಂತಿಗಳನ್ನೇ ಬೆಸೆದುಬಿಡುವವರೂ ಇದ್ದಾರೆ. ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಒಡೆದಂತೆ ಅದು!

ಪರೀಕ್ಷಕನ ಉಳಿದ ಸಾಮಗ್ರಿ ಸರಳ: ಒಳಬರುವ ಮತ್ತು ಹೊರಹೋಗುವ ನೀರಿನ ಉಷ್ಣತೆ ಅಳೆಯುವ ಮಾಪಕ, ಒತ್ತಡದ ಮಾಪಕ, ಅನಿಲದ ಸೋರಿಕೆ ಹುಡುಕಲು ಸಾಬೂನಿನ ನೊರೆ, ಒಂದು ನೋಟುಪುಸ್ತಕ. ಕಟ್ಟಡವನ್ನು ಕಾಯಿಸುವಾಗ ಮೊದಲ ದಿನ ನೀರಿನ ಉಷ್ಣತೆ ಮೂರು ಡಿಗ್ರಿ ಇಳಿದಿದ್ದು, ಮರುವರ್ಷ ಐದು ಇಳಿದರೆ ಹರಿವು ಕುಗ್ಗಿದೆ, ಜಾಲರಿ ನೋಡಬೇಕು. ಹರಿವು ಸರಿಯಿದ್ದೂ ಒಂದೇ ಡಿಗ್ರಿ ಇಳಿದರೆ ಶಾಖ ಹೀರುವ ಕೆಲಸವೇ ನಡೆಯುತ್ತಿಲ್ಲ. ನಳಿಕೆಯಲ್ಲಿ ಪಾಚಿ, ಸುಣ್ಣ ಕಟ್ಟಿದೆ ಇಲ್ಲವೆ ಅನಿಲ ಸೋರಿದೆ. ಮೊದಲ ದಿನದ ಅಂಕಿಗಳನ್ನೇ ಬರೆದಿಡದ ಕಟ್ಟಡದಲ್ಲಿ ಮಾತ್ರ ಎಂಥ ನಿಪುಣನೂ ಊಹೆಯ ಮೇಲೆಯೇ ಕೆಲಸ ಮಾಡಬೇಕಾಗುತ್ತದೆ.