ವಾಹನಗಳ ಇಂಧನ ಮಾರ್ಗಕ್ಕೆ ಅಲ್ಯೂಮಿನಿಯಂ ಕೊಳವೆ: ಹುಲ್ಲಹಳ್ಳಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಪಿಲಾ ನದಿಯ ದಂಡೆಯ ಹುಲ್ಲಹಳ್ಳಿಯ ಹೆಸರು ಸಾಮಾನ್ಯವಾಗಿ ಅಲ್ಲಿಯ ಅಣೆಕಟ್ಟೆ ಮತ್ತು ನಾಲೆಯ ಸಂಬಂಧದಲ್ಲಿ ಕೇಳಿಬರುತ್ತದೆ. ಆ ನಾಲೆಯ ನೀರಿಗೂ ವಾಹನಗಳ ಇಂಧನ ಕೊಳವೆಗೂ ಏನು ನಂಟು ಎಂಬ ಪ್ರಶ್ನೆ ಮೊದಲಿಗೆ ವಿಚಿತ್ರವಾಗಿ ತೋರಬಹುದು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನೀರಾವರಿ ಬಯಲಿನಲ್ಲಿ ಭತ್ತದ ಜೊತೆಗೆ ಕಬ್ಬೂ ಬೆಳೆಯುತ್ತದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯೂ ಮದ್ಯಸಾರ ಘಟಕವೂ ಇವೆ. ಕಬ್ಬಿನಿಂದ ಕಾಕಂಬಿ, ಕಾಕಂಬಿಯಿಂದ ಎಥೆನಾಲ್, ಎಥೆನಾಲ್ ಬೆರೆತ ಪೆಟ್ರೋಲು. ಹೀಗೆ ಗದ್ದೆಯ ಬೆಳೆ ಸುತ್ತು ಬಳಸಿ ಬೆಳೆದವನದೇ ಮೊಪೆಡ್ಡಿನ ಟ್ಯಾಂಕಿಗೆ ಮರಳುತ್ತದೆ. ಇಂಧನ ಮಾರ್ಗಕ್ಕೆ ಯಾವ ಲೋಹ ತಕ್ಕುದು ಎಂಬ ಹಳೆಯ ಪ್ರಶ್ನೆಯನ್ನು ಈ ಬದಲಾದ ಇಂಧನವು ಹೊಸದಾಗಿ ಎತ್ತಿದೆ.

ಮದ್ಯಸಾರವನ್ನು ಇಂಧನವಾಗಿ ಬಳಸುವ ವಿಚಾರ ನಮ್ಮಲ್ಲಿ ಹೊಸದಲ್ಲ. ಭಾರತೀಯ ಪವರ್ ಆಲ್ಕೋಹಾಲ್ ಕಾಯಿದೆ 1948ರಷ್ಟು ಹಿಂದೆಯೇ ಬಂದಿತ್ತು. 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಶೇಕಡ 5ರ ಮಿಶ್ರಣ ಆರಂಭವಾಯಿತು. 2022ರಲ್ಲಿ ರಾಷ್ಟ್ರಮಟ್ಟದಲ್ಲಿ ಅದು ಶೇಕಡ 10ನ್ನು ಮುಟ್ಟಿತು. ಶೇಕಡ 20ರ ಮಿಶ್ರಣಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು; 2025ರ ಹೊತ್ತಿಗೆ ಅದು ದೇಶಾದ್ಯಂತ ಸಾಮಾನ್ಯ ಪೆಟ್ರೋಲೇ ಆಯಿತು. ಹೊಸ ವಾಹನಗಳ ಬಿಡಿಭಾಗಗಳನ್ನು ಈ ಮಿಶ್ರಣಕ್ಕೆ ಹೊಂದುವಂತೆ ತಯಾರಿಸಲಾಗುತ್ತಿದೆ. ತೊಡಕಿರುವುದು ಹಳೆಯ ವಾಹನಗಳಲ್ಲಿ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯಜ್ಡಿ ಮೋಟಾರು ಸೈಕಲುಗಳು, ಹಳೆಯ ಅಂಬಾಸಡರ್ ಮತ್ತು ಫಿಯೆಟ್ ಕಾರುಗಳು ಇಂದಿಗೂ ಅಕ್ಕರೆಯ ಒಡೆಯರ ಕೈಯಲ್ಲಿವೆ. ತುಕ್ಕು ಹಿಡಿದ ಉಕ್ಕಿನ ಕೊಳವೆಯನ್ನು ತೆಗೆದು ಹೊಳೆಯುವ ಅಲ್ಯೂಮಿನಿಯಂ ಕೊಳವೆಯನ್ನು ಹಾಕಿಸುವ ಆಸೆ ಹುಟ್ಟುವುದು ಇಂತಹ ವಾಹನಗಳಿಗೇ.

ಆ ಆಸೆಗೆ ಆಧಾರವಿಲ್ಲದಿಲ್ಲ. ಅಲ್ಯೂಮಿನಿಯಂ ಸಾಂದ್ರತೆ 2.7, ಉಕ್ಕಿನದು 7.8. ಅದು ಕೆಂಪು ತುಕ್ಕು ಹಿಡಿಯುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದಲೇ ಬಾಗುತ್ತದೆ. ತಾಮ್ರವು ಪೆಟ್ರೋಲನ್ನು ಬೇಗ ಕೆಡಿಸಿ ಅಂಟು ಕಟ್ಟಿಸುತ್ತದೆ. ಅಲ್ಯೂಮಿನಿಯಂಗೆ ಆ ದೋಷವಿಲ್ಲ. ಆದರೆ ಅಲ್ಯೂಮಿನಿಯಂ ಎಂಬುದು ಒಂದೇ ವಸ್ತುವಿನ ಹೆಸರಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಕಿಟಕಿಯ ಚೌಕಟ್ಟಿಗೆಂದು ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 6063 ಮಿಶ್ರಲೋಹ. ಹಳಬರು ಅದನ್ನು ಎಚ್‌ಇ-9 ಎನ್ನುತ್ತಾರೆ. ಇದು ಇಂಧನ ಮಾರ್ಗಕ್ಕೆ ಸಲ್ಲದು. ಗಟ್ಟಿಗೊಳಿಸಿದ 6061-ಟಿ6 ಕೊಳವೆ ಬಲಶಾಲಿಯಾದರೂ ಅದರ ಬಾಯನ್ನು ಅಗಲಿಸುವಾಗ ಅಂಚು ಸೀಳುತ್ತದೆ. ಹದಗೊಳಿಸಿ ಮೆದುಮಾಡಿದ, ಹೊಲಿಗೆಯಿಲ್ಲದೆ ಎಳೆದು ತಯಾರಿಸಿದ 3003-ಒ ಅಥವಾ 5052-ಒ ಕೊಳವೆಗಳೇ ಈ ಕೆಲಸಕ್ಕೆ ಒಗ್ಗುವಂಥವು. ಇವೆರಡರಲ್ಲಿ 3003 ಹೆಚ್ಚು ಮೃದು. ಮೆಗ್ನೀಸಿಯಂ ಬೆರೆತ 5052 ಕಂಪನವನ್ನು ಹೆಚ್ಚು ತಾಳುತ್ತದೆ. ವಾಹನದ ಕೆಲಸಕ್ಕೆ 5052ನ್ನು ಆರಿಸುವುದೇ ಲೇಸು. ಮುಕ್ಕಾಲು ಪಾಲು ಕಡೆ 9.5 ಮಿಲಿಮೀಟರ್ ಹೊರವ್ಯಾಸ, ಸುಮಾರು 0.9 ಮಿಲಿಮೀಟರ್ ಗೋಡೆಯ ಕೊಳವೆ ಸಾಕಾಗುತ್ತದೆ.

ಲೋಹವನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಇಂಧನ ಸೋರುವುದು ಕೊಳವೆಯ ನಡುವಿನಲ್ಲಿ ಅಲ್ಲ, ಬಹುಮಟ್ಟಿಗೆ ಜೋಡಣೆಯಲ್ಲಿ. ಬಾಯಿ ಅಗಲಿಸಿ ಬಿಗಿಯುವ ಜೋಡಣೆಗಳಲ್ಲಿ ಎರಡು ಕೋನಗಳು ಬಳಕೆಯಲ್ಲಿವೆ. ಕಾರುಗಳ ಉಕ್ಕಿನ ಕೊಳವೆಗಳಲ್ಲಿ ಇರುವುದು 45 ಡಿಗ್ರಿಯ, ಅಂಚನ್ನು ಒಳಕ್ಕೆ ಮಡಿಚಿದ ಇಮ್ಮಡಿ ಬಾಯಿ. ವಿಮಾನಗಳಿಂದ ಬಂದದ್ದು 37 ಡಿಗ್ರಿಯ ಬಾಯಿ. ಅಮೆರಿಕದ ಭೂಸೇನೆ ಮತ್ತು ನೌಕಾಪಡೆಗಳ ಜಂಟಿ ಪ್ರಮಾಣವಾದುದರಿಂದ ಅದಕ್ಕೆ ‘ಎ.ಎನ್.’ ಎಂಬ ಹೆಸರು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಕೇಂದ್ರವಾಗಿದ್ದುದನ್ನು ಇಲ್ಲಿ ನೆನೆಯಬಹುದು. 37 ಡಿಗ್ರಿಯ ಬಾಯಿಗೆ 45 ಡಿಗ್ರಿಯ ನಟ್ಟನ್ನು ಕೂರಿಸಿದರೆ ಮೊದಲ ದಿನ ಅದು ಬಿಗಿಯಾಗಿಯೇ ಕಾಣುತ್ತದೆ. ಆದರೆ ತಾಗುವುದು ತೆಳು ಗೆರೆಯಷ್ಟು ಮಾತ್ರ. ಕಂಪನಕ್ಕೆ ಆ ಗೆರೆ ಸವೆದು ಸೋರಿಕೆ ಶುರುವಾಗುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಅದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಯೂಮಿನಿಯಂ ಕೊಳವೆಗೆ 37 ಡಿಗ್ರಿಯ ಒಂಟಿ ಬಾಯಿ, ಅದರ ಹಿಂದೆ ಒತ್ತಡವನ್ನು ಹಂಚುವ ತೋಳು, ಮೇಲೆ ನಟ್ಟು; ಇದೇ ಸರಿಯಾದ ಕ್ರಮ.

ಈ ಪ್ರಮಾಣದಲ್ಲಿ ಅಳತೆಯನ್ನು ಇಂಚಿನ ಹದಿನಾರನೆಯ ಭಾಗಗಳಲ್ಲಿ ಎಣಿಸುತ್ತಾರೆ. ‘6’ ಎಂದರೆ ಆರು ಹದಿನಾರನೆಯ ಭಾಗ, ಅಂದರೆ 9.5 ಮಿಲಿಮೀಟರ್ ಹೊರವ್ಯಾಸ. ‘8’ ಎಂದರೆ ಅರ್ಧ ಇಂಚು. ನಮ್ಮ ಮಾರುಕಟ್ಟೆಯಲ್ಲಿ ಮೆಟ್ರಿಕ್ ಕೊಳವೆಗಳೂ ಬೆರೆತಿರುತ್ತವೆ. ಕಣ್ಣಿಗೆ ಮೋಸ ಮಾಡುವುದು 8 ಮಿಲಿಮೀಟರಿನ ಕೊಳವೆ. ಅದು ‘5’ರ ಅಳತೆಯ 7.94 ಮಿಲಿಮೀಟರಿಗೆ ತೀರ ಸಮೀಪ. ತೋಳಿನೊಳಕ್ಕೆ ತುರುಕಿದರೆ ಹೋಗಿಯೂ ಹೋಗುತ್ತದೆ, ಆದರೆ ಗೀರುಬಿದ್ದು ಹೋಗುತ್ತದೆ. ಆ ಗೀರೇ ಮುಂದೆ ಬಿರುಕಿನ ಮೂಲವಾಗುತ್ತದೆ. ಅಳತೆಪಟ್ಟಿಯನ್ನು ನಂಬದೆ ವರ್ನಿಯರಿನಲ್ಲಿ ಅಳೆಯುವುದು ಇಲ್ಲಿ ಅನಿವಾರ್ಯ.

ಎಥೆನಾಲಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಲ್ಯೂಮಿನಿಯಂ ತನ್ನ ಮೇಲ್ಮೈಯ ತೆಳು ಆಕ್ಸೈಡ್ ಪದರದ ಆಶ್ರಯದಲ್ಲಿ ಬಾಳುವ ಲೋಹ. ಎಥೆನಾಲ್ ಗಾಳಿಯಿಂದ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ವಾಹನ ವಾರಗಟ್ಟಲೆ ನಿಂತು, ಅರೆಬರಿದಾದ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ ಮದ್ಯಸಾರ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಕೊಳವೆಯ ತಗ್ಗಿನಲ್ಲಿ ನಿಲ್ಲುವುದು ಈ ಭಾಗವೇ. ಅದರಲ್ಲಿ ಲವಣದ ಅಂಶವಿದ್ದರೆ ಆಕ್ಸೈಡ್ ಪದರ ಅಲ್ಲಲ್ಲಿ ಒಡೆದು ಸೂಜಿಮೊನೆಯಂತಹ ರಂಧ್ರಗಳು ಕೊರೆಯುತ್ತವೆ. ಪಕ್ಕದಲ್ಲಿ ಹಿತ್ತಾಳೆ ಅಥವಾ ಉಕ್ಕಿನ ಜೋಡಣೆ ಇದ್ದರಂತೂ ವಿದ್ಯುದ್ರಾಸಾಯನಿಕ ಕ್ರಿಯೆಯಲ್ಲಿ ಬಲಿಯಾಗುವುದು ಅಲ್ಯೂಮಿನಿಯಮ್ಮೇ. ಪೆಟ್ರೋಲ್ ಮಾತ್ರವಿದ್ದಾಗ ಈ ಕ್ರಿಯೆ ಅಷ್ಟಾಗಿ ನಡೆಯದು, ಏಕೆಂದರೆ ಅದು ವಿದ್ಯುತ್ತನ್ನು ಸಾಗಿಸದು. ಎಥೆನಾಲ್ ಬೆರೆತಾಗ ಆ ರಕ್ಷಣೆ ತಗ್ಗುತ್ತದೆ.

ವಿಪರ್ಯಾಸವೆಂದರೆ ತೇವವಿಲ್ಲದಿರುವುದೂ ಅಪಾಯವೇ. ಸಂಪೂರ್ಣ ಒಣಗಿದ ಎಥೆನಾಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖದಲ್ಲಿ ಅಲ್ಯೂಮಿನಿಯಂ ಜೊತೆ ನೇರವಾಗಿ ವರ್ತಿಸಿ ಅಲ್ಯೂಮಿನಿಯಂ ಎಥಾಕ್ಸೈಡ್ ಮತ್ತು ಜಲಜನಕವನ್ನು ಹೊರಡಿಸುತ್ತದೆ. ಅಲ್ಪ ಪ್ರಮಾಣದ ನೀರು ಇದನ್ನು ತಡೆಯುತ್ತದೆ. ತಂಪಾದ ತಳಭಾಗದಲ್ಲಿ ನೀರು ಶತ್ರು, ಬಿಸಿಯಾದ ಎಂಜಿನ್ ಬಳಿ ಅದೇ ನೀರು ರಕ್ಷಕ! ಆದಕಾರಣ ಅಲ್ಯೂಮಿನಿಯಂ ಕೊಳವೆಯನ್ನು ನಿಷ್ಕಾಸ ನಳಿಕೆಯ ಸಮೀಪ ಎಳೆಯಬಾರದು. ತಗ್ಗಿನಲ್ಲಿ ಇಂಧನ ನಿಲ್ಲದಂತೆ ಹಾಯಿಸಬೇಕು. ಜೋಡಣೆಗಳು ಆನೋಡೀಕರಿಸಿದ ಅಲ್ಯೂಮಿನಿಯಮ್ಮಿನವೇ ಆಗಿರಬೇಕು.

ಕಂಪನದ ವಿಷಯದಲ್ಲಿಯೂ ಈ ಲೋಹಕ್ಕೆ ಮಿತಿಯಿದೆ. ಒಂದು ಮಟ್ಟಕ್ಕಿಂತ ಕಡಿಮೆ ಬಲವನ್ನು ಉಕ್ಕು ಎಷ್ಟು ಸಲವಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂತಹ ನಿಶ್ಚಿತ ಮಟ್ಟವಿಲ್ಲ; ಸಣ್ಣ ಬಲವೂ ಲಕ್ಷಾಂತರ ಸಲ ಬಿದ್ದರೆ ಅದನ್ನು ದಣಿಸುತ್ತದೆ. ಆದ್ದರಿಂದ ಚಾಸಿಗೂ ಎಂಜಿನ್ನಿಗೂ ನಡುವೆ ಮೆದು ಹೋಸು ಇರಲೇಬೇಕು. ಅದರ ಒಳಪದರ ಫ್ಲೋರೋ-ರಬ್ಬರ್ ಆದರೆ ಒಳ್ಳೆಯದು. ಹಳೆಯ ರಬ್ಬರ್ ಹೋಸುಗಳು ಎಥೆನಾಲಿನಲ್ಲಿ ಊದಿ ಬಿರಿಯುತ್ತವೆ. ಕೊಳವೆಯನ್ನು ರಬ್ಬರ್ ಒತ್ತು ಕೊಟ್ಟ ಹಿಡಿಕೆಗಳಿಂದ ಸುಮಾರು ಅರ್ಧ ಮೀಟರಿಗೊಂದರಂತೆ ಬಂಧಿಸಬೇಕು. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟಿಗಿಂತ ಕಿರಿದಾಗಬಾರದು, ಒಮ್ಮೆ ಬಾಗಿಸಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಾಗಿಸಬಾರದು.

ಡೀಸೆಲ್ ಟ್ರ್ಯಾಕ್ಟರುಗಳ ಒಡೆಯರಿಗೆ ಒಂದು ಎಚ್ಚರಿಕೆ ಅಗತ್ಯ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕೊಳವೆಯಲ್ಲಿ ನೂರಾರು ಬಾರ್ ಒತ್ತಡವಿರುತ್ತದೆ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದು 1,600 ಬಾರನ್ನೂ ದಾಟುತ್ತದೆ. ಅಲ್ಲಿ ದಪ್ಪಗೋಡೆಯ ಉಕ್ಕಿಗೆ ಬದಲಿಯೇ ಇಲ್ಲ. ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ವಾಹನದ ಒತ್ತಡ ಅರ್ಧ ಬಾರಿನೊಳಗೆ, ಇಂಜೆಕ್ಷನ್ ಇದ್ದರೆ ಮೂರು ನಾಲ್ಕು ಬಾರ್. ಅಲ್ಯೂಮಿನಿಯಂ ವಿಚಾರ ಅಲ್ಲಿಗೆ ಮಾತ್ರ.

ತಿಂಗಳುಗಟ್ಟಲೆ ನಿಲ್ಲುವ ಹಳೆಯ ವಾಹನಕ್ಕೆ ನಿಕ್ಕಲ್ ಲೇಪಿತ ಉಕ್ಕು, ಕಲೆರಹಿತ ಉಕ್ಕು ಅಥವಾ ನೈಲಾನ್-12ರ ಕೊಳವೆಯೇ ಹೆಚ್ಚು ನೆಮ್ಮದಿ ಕೊಡುತ್ತದೆ ಎಂಬುದು ಈ ವಿವರಗಳಿಂದ ಹೊರಡುವ ತೀರ್ಮಾನ. ದಿನವೂ ಓಡುವ, ಆಗಾಗ ಪರೀಕ್ಷೆಗೊಳಗಾಗುವ ವಾಹನಕ್ಕೆ 5052 ಕೊಳವೆಯನ್ನು ಧೈರ್ಯವಾಗಿ ಹಾಕಬಹುದು. ಯಾವುದನ್ನು ಹಾಕಿದರೂ ಪೆಟ್ರೋಲ್ ತುಂಬುವ ಮೊದಲು ಎರಡೂ ತುದಿಗಳನ್ನು ವಾಹನದಿಂದ ಬಿಡಿಸಿ, ಒಂದನ್ನು ಮುಚ್ಚಿ, ಕೆಲಸದ ಒತ್ತಡಕ್ಕಿಂತ ಒಂದಿಷ್ಟು ಹೆಚ್ಚು ಗಾಳಿಯನ್ನು ತುಂಬಿ, ಪ್ರತಿಯೊಂದು ನಟ್ಟಿನ ಮೇಲೂ ಸೋಪಿನ ನೀರು ಹಚ್ಚಿ ನೋಡಬೇಕು. ಗುಳ್ಳೆ ಎದ್ದ ಕಡೆ ನಟ್ಟನ್ನು ಇನ್ನಷ್ಟು ಬಿಗಿಯುವುದಲ್ಲ, ಆ ಬಾಯನ್ನು ಕತ್ತರಿಸಿ ಹೊಸದಾಗಿ ಅಗಲಿಸುವುದೇ ಸರಿ.